ಯುಗಾಂತದಲ್ಲಿ ಕುಲರಕ್ಷಣೆ: ‘ಸಿಕ್ಸ್ ಏಜಸ್’ ಎಂಬ ಕಥಾಕ್ರೀಡೆಯ ವಿವೇಚನೆ

೧. ವಿಷಯನಿರ್ದೇಶ

ಕುಳಿತು ಆಡತಕ್ಕ ಆಟಗಳಲ್ಲಿ ಚದುರಂಗವು ಬುದ್ಧಿಪ್ರಧಾನವಾದುದು, ಜೂಜು ದೈವಪ್ರಧಾನವಾದುದು, ಪಗಡೆಯಲ್ಲಿ ಬುದ್ಧಿಯೂ ದೈವವೂ ಬೆರೆತಿರುವುವು. ಆದರೆ ಈ ಮೂರರಲ್ಲಿ ಯಾವುದರಲ್ಲಿಯೂ ಕಾಯಿಗೆ ಚರಿತ್ರೆಯೆಂಬುದಿಲ್ಲ. ಹೊಡೆಸಿಕೊಂಡ ಕಾಯಿಗಾಗಿ ಅಳುವ ಬಂಧುಗಳಿಲ್ಲ. ಉಳಿದ ಕಾಯಿಗಳು ಅದನ್ನು ನೆನೆಯುವುದೂ ಇಲ್ಲ. ಹಾಸನ್ನು ಮಡಿಸಿಟ್ಟೊಡನೆ ಸೋಲುಗೆಲುವುಗಳೆರಡೂ ಮುಗಿದುಹೋಗುವುವು. ಗಣಕಯಂತ್ರವು ಬಳಕೆಗೆ ಬಂದ ಮೇಲೆ ಹುಟ್ಟಿದ ಆಟಗಳಲ್ಲಿ ಕೆಲವು ಈ ಕೊರತೆಯನ್ನು ತುಂಬಲು ಯತ್ನಿಸಿವೆ. ಅವುಗಳಲ್ಲಿ ಕಾಯಿಗೆ ಹೆಸರುಂಟು, ವಂಶವುಂಟು, ನಂಬಿದ ದೇವರುಂಟು; ಒಂದು ವರ್ಷ ಮಾಡಿದ ಅಪರಾಧವು ಹತ್ತು ವರ್ಷಗಳ ಮೇಲೆ ಬಾಗಿಲಿಗೆ ಬಂದು ನಿಲ್ಲುವುದೂ ಉಂಟು. ಕಥೆಯೂ ರಾಜನೀತಿಯೂ ಹೀಗೆ ಒಂದಾಗಿ ಹೆಣೆದುಕೊಂಡಿರುವ ಈ ಬಗೆಯ ಆಟವನ್ನು ಕಥಾಕ್ರೀಡೆಯೆಂದು ಕರೆಯಬಹುದು.

ಈ ಜಾತಿಯಲ್ಲಿ ವಿಶೇಷವಾಗಿ ಗಮನಿಸತಕ್ಕದ್ದು ‘ಸಿಕ್ಸ್ ಏಜಸ್’ ಎಂಬ ಮಾಲಿಕೆ. ಅದರಲ್ಲಿಯೂ ೨೦೨೩ನೆಯ ಇಸವಿಯಲ್ಲಿ ಹೊರಬಂದ ‘ಲೈಟ್ಸ್ ಗೋಯಿಂಗ್ ಔಟ್’ ಎಂಬ ಎರಡನೆಯ ಭಾಗ. ‘ದೀಪಗಳು ಆರುತ್ತಿವೆ’ ಎಂಬುದು ಆ ಹೆಸರಿನ ಅರ್ಥ. ದೇವತೆಗಳೇ ಒಬ್ಬೊಬ್ಬರಾಗಿ ಅಳಿಯುತ್ತಿರುವ ಕಾಲದಲ್ಲಿ ಒಂದು ಸಣ್ಣ ಕುಲವನ್ನು ಉಳಿಸಿಕೊಂಡು ಹೋಗುವುದು ಹೇಗೆ ಎಂಬುದೇ ಅದರ ವಸ್ತು. ಯಜ್ಞ, ಪುರಾಣ, ಆಪದ್ಧರ್ಮ ಇವುಗಳ ವಿಚಾರವನ್ನು ಶಾಸ್ತ್ರಮುಖದಿಂದ ಬಲ್ಲವರಿಗೆ ಈ ಆಟವು ಒಂದು ಪರಿಚಿತವಾದ ಪ್ರಶ್ನೆಯನ್ನು ಅಪರಿಚಿತವಾದ ವೇಷದಲ್ಲಿ ಮುಂದಿಡುತ್ತದೆ. ಆದಕಾರಣ ಅದರ ಉತ್ಪತ್ತಿ, ಕಥಾಭೂಮಿ, ಆಡುವ ಕ್ರಮ, ತತ್ತ್ವ ಇವುಗಳನ್ನು ಕ್ರಮವಾಗಿ ವಿವೇಚಿಸುವುದು ಉಚಿತವಾಗಿದೆ.

೨. ಉತ್ಪತ್ತಿ

ಈ ಆಟಗಳ ಕಥಾಭೂಮಿಗೆ ‘ಗ್ಲೊರಾಂಥ’ ಎಂದು ಹೆಸರು. ಇದು ಅಮೆರಿಕಾ ದೇಶದ ಗ್ರೆಗ್ ಸ್ಟ್ಯಾಫರ್ಡ್ (೧೯೪೮–೨೦೧೮) ಎಂಬವನ ಕಲ್ಪನೆ. ೧೯೬೬ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ, ಅವನು ಈ ಲೋಕದ ಕಥೆಗಳನ್ನು ಬರೆಯತೊಡಗಿದನು. ಅವುಗಳನ್ನು ಗ್ರಂಥರೂಪದಲ್ಲಿ ಪ್ರಕಟಿಸಲು ಅನುಕೂಲವಾಗದಿರಲು, ಆಟದ ರೂಪದಲ್ಲಿ ಹೊರತರುವುದಾಗಿ ನಿಶ್ಚಯಿಸಿ, ‘ಕೆಯಾಸಿಯಮ್’ ಎಂಬ ಸಂಸ್ಥೆಯನ್ನು ಸ್ಥಾಪಿಸಿ, ೧೯೭೫ರಲ್ಲಿ ‘ವೈಟ್ ಬೇರ್ ಅಂಡ್ ರೆಡ್ ಮೂನ್’ ಎಂಬ ಹಾಸಿನ ಆಟವನ್ನು ಪ್ರಕಟಿಸಿದನು. ೧೯೭೮ರಲ್ಲಿ ಇದೇ ಲೋಕವನ್ನು ಆಧರಿಸಿ ‘ರೂನ್‌ಕ್ವೆಸ್ಟ್’ ಎಂಬ ಪಾತ್ರಧಾರಣದ ಆಟವು ಹೊರಬಂದಿತು. ಅದರಲ್ಲಿ ನಾಲ್ಕಾರು ಜನರು ಮೇಜಿನ ಸುತ್ತ ಕುಳಿತು ಒಬ್ಬೊಬ್ಬರು ಒಂದೊಂದು ಪಾತ್ರವನ್ನು ವಹಿಸಿ ಕಥೆಯನ್ನು ಮಾತಿನಿಂದಲೇ ನಡೆಸಿಕೊಂಡು ಹೋಗುವರು. ಅಂದಿನಿಂದ ಐವತ್ತು ವರ್ಷಗಳ ಪರ್ಯಂತ ಈ ಲೋಕದ ಪುರಾಣ, ವಂಶಾವಳಿ, ಪಂಚಾಂಗ, ಭೂಗೋಳಗಳನ್ನು ಕುರಿತು ಬಹು ಗ್ರಂಥಗಳು ಬೆಳೆದುಬಂದಿವೆ.

ಗಣಕಯಂತ್ರಕ್ಕೆ ಈ ಕಥಾಭೂಮಿಯನ್ನು ತಂದವನು ಡೇವಿಡ್ ಡನ್ಹಮ್. ಅವನ ‘ಏ ಶಾರ್ಪ್’ ಎಂಬ ಸಣ್ಣ ಸಂಸ್ಥೆಯು ೧೯೯೯ರಲ್ಲಿ ‘ಕಿಂಗ್ ಆಫ್ ಡ್ರಾಗನ್ ಪಾಸ್’ ಎಂಬ ಆಟವನ್ನು ಪ್ರಕಟಿಸಿತು. ಅದರ ಪ್ರಸಂಗಗಳನ್ನು ಬರೆದವನು ರಾಬಿನ್ ಡಿ. ಲಾಸ್. ಕುಲವೊಂದು ಹೊಸ ಕಣಿವೆಯಲ್ಲಿ ನೆಲೆಸಿ, ನೆರೆಯ ಕುಲಗಳೊಡನೆ ಸೇರಿ ಗಣವನ್ನು ಕಟ್ಟಿ, ಗಣಗಳನ್ನು ಸೇರಿಸಿ ರಾಜ್ಯವನ್ನು ಸ್ಥಾಪಿಸುವುದು ಅದರ ಕಥೆ. ಅದು ಆಗ ವಿಶೇಷ ಪ್ರಚಾರವನ್ನು ಪಡೆಯದಿದ್ದರೂ, ೨೦೧೧ರಲ್ಲಿ ಐಫೋನಿಗೆ ಅಳವಡಿಸಲ್ಪಟ್ಟ ಮೇಲೆ ಹೊಸ ವಾಚಕವರ್ಗವನ್ನು ಸಂಪಾದಿಸಿಕೊಂಡಿತು. ವಾಚಕರೆಂಬ ಮಾತು ಇಲ್ಲಿ ಯುಕ್ತವಾದುದೇ; ಏಕೆಂದರೆ ಈ ಆಟದಲ್ಲಿ ಚಲಿಸುವ ಚಿತ್ರಗಳಿಲ್ಲ. ಕೈಯಿಂದ ಬರೆದ ಸ್ಥಿರಚಿತ್ರವೊಂದು, ಅದರ ಜೊತೆಗೆ ಓದತಕ್ಕ ಒಂದು ಪ್ರಸಂಗ, ಅದರ ಕೆಳಗೆ ಆರಿಸಿಕೊಳ್ಳತಕ್ಕ ನಾಲ್ಕಾರು ಉತ್ತರಗಳು, ಇಷ್ಟೇ ಇರುವುದು.

ಅದೇ ಜಾಡಿನಲ್ಲಿ ೨೦೧೮ರಲ್ಲಿ ‘ಸಿಕ್ಸ್ ಏಜಸ್: ರೈಡ್ ಲೈಕ್ ದಿ ವಿಂಡ್’ ಎಂಬ ಭಾಗವೂ, ೨೦೨೩ರ ಆಗಸ್ಟಿನಲ್ಲಿ ‘ಲೈಟ್ಸ್ ಗೋಯಿಂಗ್ ಔಟ್’ ಎಂಬ ಭಾಗವೂ ಹೊರಬಂದುವು. ಇವು ಕಾಲಗಣನೆಯಲ್ಲಿ ೧೯೯೯ರ ಆಟಕ್ಕಿಂತ ಬಹು ಹಿಂದಿನ ಕಥೆಗಳು. ಅಲ್ಲಿ ಪುರಾಣವಾಗಿ ಕೇಳಿಬರುವುದು ಇಲ್ಲಿ ಕಣ್ಣೆದುರಿಗೆ ನಡೆಯುತ್ತದೆ.

೩. ಕಥಾಭೂಮಿ

ಗ್ಲೊರಾಂಥದ ಪುರಾಣವನ್ನು ಸಂಗ್ರಹವಾಗಿ ಹೇಳುವುದಾದರೆ ಹೀಗೆ. ಆದಿಯಲ್ಲಿ ಯೆಲ್ಮ್ ಎಂಬ ಸೂರ್ಯಸಾಮ್ರಾಟನು ಆಳುತ್ತಿದ್ದ ಸ್ವರ್ಣಯುಗವಿತ್ತು. ಓರ್ಲಾಂತ್ ಎಂಬ ಬಿರುಗಾಳಿಯ ದೇವನು ಆ ಸಾಮ್ರಾಟನೊಡನೆ ಸ್ಪರ್ಧಿಸಿ, ಕೊನೆಗೆ ಮೃತ್ಯುವೆಂಬ ಆಯುಧದಿಂದ ಅವನನ್ನು ಕೊಂದನು. ಸೂರ್ಯನು ಪಾತಾಳಕ್ಕೆ ಇಳಿದನು. ಅಲ್ಲಿಂದ ಮುಂದೆ ಬಿರುಗಾಳಿಯ ಯುಗ. ದೇವತೆಗಳು ಪರಸ್ಪರ ಯುದ್ಧ ಮಾಡಿ ಬಲಗುಂದಿದರು; ಉತ್ತರದಿಂದ ಹಿಮವು ಹರಿದುಬಂದಿತು. ಆಮೇಲೆ ಸೃಷ್ಟಿಗೆ ಹೊರಗಿನದಾದ ಒಂದು ವಿಕೃತಶಕ್ತಿಯು ಲೋಕವನ್ನು ಪ್ರವೇಶಿಸಿತು. ಅದನ್ನು ಆ ಪುರಾಣದಲ್ಲಿ ‘ಕೆಯಾಸ್’ ಎನ್ನುವರು. ಅವ್ಯಾಕೃತವೆಂಬ ಶಬ್ದವು ಅದಕ್ಕೆ ಸಾಲದು, ಸರ್ವಭಕ್ಷಕವಾದ ಶೂನ್ಯವೆಂದರೆ ಸರಿಹೋದೀತು. ಲೋಕದ ನಡುವೆ ನಿಂತಿದ್ದ ಮೇರುವಿನಂಥ ಪರ್ವತವು ಸಿಡಿದು ಚೂರಾಯಿತು. ಇದೇ ಮಹಾಂಧಕಾರ.

ತನ್ನ ಕೃತ್ಯದ ಫಲವನ್ನು ಕಂಡ ಓರ್ಲಾಂತನು ಪ್ರಾಯಶ್ಚಿತ್ತಾರ್ಥವಾಗಿ ಪಾತಾಳಕ್ಕೆ ಹೊರಟನು. ವರ್ತಕದೇವನಾದ ಇಸ್ಸಾರೀಸ್, ವಿದ್ಯಾದೇವನಾದ ಲ್ಹಾಂಕೋರ್ ಮ್ಹೈ, ಚಿಕಿತ್ಸಾದೇವಿಯಾದ ಚಲಾನಾ ಅರಾಯ್, ವಂಚಕನಾದ ಯೂರ್ಮಾಲ್ ಮೊದಲಾದವರು ಸೇರಿ ಆ ಯಾತ್ರೆಯಲ್ಲಿ ಏಳು ಮಂದಿ. ಇವರಿಗೆ ಬೆಳಕು ತರುವವರೆಂದು ಹೆಸರು. ಕೊಂದವನೂ ಕೊಲ್ಲಲ್ಪಟ್ಟವನೂ ಪಾತಾಳದಲ್ಲಿ ಸಂಧಿಮಾಡಿಕೊಂಡರು; ಜೇಡರೂಪಿಣಿಯಾದ ಒಬ್ಬ ದೇವಿಯು ನೇಯ್ದ ಬಲೆಯಲ್ಲಿ ವಿನಾಶಶಕ್ತಿಯು ಸಿಕ್ಕಿಬಿದ್ದಿತು; ಸೂರ್ಯನು ಮತ್ತೆ ಮೂಡಿದನು. ಅಂದು ಕಾಲವೆಂಬುದು ಹುಟ್ಟಿತು.

ಇಲ್ಲಿ ಎರಡು ಸಾದೃಶ್ಯಗಳು ಕೂಡಲೇ ಸ್ಫುರಿಸುವುವು. ಓರ್ಲಾಂತನು ಆರೋಕನೆಂಬ ಮಹಾಸರ್ಪವನ್ನು ಕೊಂದು, ಅದರ ಹೊಟ್ಟೆಯಲ್ಲಿ ಸೆರೆಯಾಗಿದ್ದ ಹೀಲರ್ ಎಂಬ ಮಳೆಯ ದೇವನನ್ನು ಬಿಡಿಸಿದನೆಂಬ ಕಥೆಯೊಂದುಂಟು. ಇದು ಇಂದ್ರನ ವೃತ್ರವಧೆಗೆ ಸಮೀಪವಾದುದು. ಜೇಡದ ನೂಲಿನ ದೃಷ್ಟಾಂತವು ಮುಂಡಕೋಪನಿಷತ್ತಿನಲ್ಲಿ ಪ್ರಸಿದ್ಧವಾಗಿದೆ. ಆದರೆ ಸಾದೃಶ್ಯದಿಂದ ಅಭೇದವು ಸಿದ್ಧಿಸುವುದಿಲ್ಲ. ಉಪನಿಷತ್ತಿನ ಜೇಡವು ನೂಲನ್ನು ತನ್ನೊಳಗಿನಿಂದ ಬಿಟ್ಟು ತನ್ನೊಳಕ್ಕೆ ಸೆಳೆದುಕೊಳ್ಳುವುದು; ಅಲ್ಲಿ ಸೃಷ್ಟಿಯೂ ಲಯವೂ ಒಂದೇ ಮೂಲದವು. ಗ್ಲೊರಾಂಥದ ಜೇಡವಾದರೋ ಹೊರಗಿನಿಂದ ಬಂದ ಶತ್ರುವನ್ನು ಬಂಧಿಸಲು ಬಲೆಯನ್ನು ನೇಯುವುದು. ಪ್ರಲಯವೆಂಬುದು ಭಾರತೀಯ ಪುರಾಣಗಳಲ್ಲಿ ಕಾಲಚಕ್ರದ ಒಂದು ಸಹಜವಾದ ಘಟ್ಟ; ಬ್ರಹ್ಮನ ಹಗಲು ಮುಗಿದರೆ ರಾತ್ರಿಯು ಬರಲೇಬೇಕು. ಗ್ಲೊರಾಂಥದಲ್ಲಿ ಅದು ಯಾರೋ ಮಾಡಿದ ಅಪರಾಧದ ಫಲ. ಒಂದೇ ಸಲ ಸಂಭವಿಸಿದುದು. ಮತ್ತು ಮುಗಿಯಲೇಬೇಕೆಂಬ ನಿಯಮವಿಲ್ಲದುದು. ಆಟದಲ್ಲಿ ಕಾಣುವ ಕಳವಳವೆಲ್ಲವೂ ಈ ಭೇದದಿಂದಲೇ ಹುಟ್ಟುತ್ತದೆ.

ಮೊದಲನೆಯ ಭಾಗದಲ್ಲಿ ಆಡುವವನು ಪಾಲಿಸತಕ್ಕದ್ದು ಕುದುರೆಯೇರುವ ಸೂರ್ಯೋಪಾಸಕರ ಕುಲವನ್ನು. ಅವರ ಪೂರ್ವಿಕರ ನಗರವಾದ ನಿವೋರವು ಹಿಮದ ಪಾಲಾಗಿದೆ. ಅವರು ಕಣಿವೆಗೆ ವಲಸೆ ಬಂದಿದ್ದಾರೆ. ಅಲ್ಲಿ ಬಿರುಗಾಳಿಯ ದೇವನನ್ನು ಆರಾಧಿಸುವ ಅನ್ಯಭಾಷೆಯ ಜನರು ನೆರೆಯಾಗಿದ್ದಾರೆ. ತಲೆಮಾರುಗಳ ಬಳಿಕ ಈ ಎರಡು ಜನಗಳೂ ಕೂಡಿ ಆದ ಬೆರೆನ್ನೆತ್‌ಟೆಲ್ಲಿ ಎಂಬ ಗಣಕ್ಕೆ ಸೇರಿದ ಕುಲವೇ ಎರಡನೆಯ ಭಾಗದ ನಾಯಕ. ಒಮ್ಮೆ ಶತ್ರುಗಳಾಗಿದ್ದವರ ದೇವತೆಗಳನ್ನು ಒಂದೇ ಊರಿನ ಗುಡಿಗಳಲ್ಲಿ ಪೂಜಿಸುವ ಜನರ ಮೇಲೆ ಮಹಾಂಧಕಾರವು ಇಳಿಯುತ್ತದೆ.

೪. ಆಡುವ ಕ್ರಮ

ವರ್ಷಕ್ಕೆ ಋತುಗಳು ಐದು: ಸಮುದ್ರ, ಅಗ್ನಿ, ಭೂಮಿ, ಅಂಧಕಾರ, ಬಿರುಗಾಳಿ. ಐದರ ಕೊನೆಗೆ ‘ಪುಣ್ಯಕಾಲ’ವೆಂಬ ಸಂಧಿಯುಂಟು. ಒಂದೊಂದು ಋತುವಿನಲ್ಲಿ ಆಡುವವನು ಎರಡು ಕಾರ್ಯಗಳನ್ನು ಮಾಡಬಹುದು: ನೆರೆಯವರಿಗೆ ದೂತರನ್ನು ಕಳುಹಿಸುವುದು, ವರ್ತಕರನ್ನು ಅಟ್ಟುವುದು, ಕಾಡುಮೇಡುಗಳನ್ನು ಶೋಧಿಸುವುದು, ದನಗಳನ್ನು ಸೂರೆಮಾಡುವುದು, ಕೋಟೆಯನ್ನು ಬಲಪಡಿಸುವುದು, ದೇವರಿಗೆ ಬಲಿಯನ್ನು ಅರ್ಪಿಸಿ ವರವನ್ನು ಬೇಡುವುದು ಮುಂತಾದುವು. ಗುಡಿಯನ್ನು ಕಟ್ಟಿಸಿದರೆ ವರವು ನಿಲ್ಲುತ್ತದೆ. ಆದರೆ ವರ್ಷವರ್ಷವೂ ಅದರ ಖರ್ಚನ್ನು ಹೊರಬೇಕು. ಪುಣ್ಯಕಾಲದಲ್ಲಿ ಕುಲದ ಮಂತ್ರಬಲವನ್ನೆಲ್ಲ ಕೂಡಿಸಿ, ಮುಂದಿನ ವರ್ಷದಲ್ಲಿ ಬೆಳೆಗೆಷ್ಟು, ಯುದ್ಧಕ್ಕೆಷ್ಟು, ಆರೋಗ್ಯಕ್ಕೆಷ್ಟು ಎಂದು ಹಂಚಬೇಕು. ಯಾವ ವರ್ಷವೂ ಎಲ್ಲಕ್ಕೂ ಸಾಲುವಷ್ಟು ಇರುವುದಿಲ್ಲ.

ಈ ಕಾರ್ಯಗಳ ನಡುನಡುವೆ ಪ್ರಸಂಗಗಳು ಒದಗುವುವು. ಇಂಥವು ನೂರಾರು ಇವೆ. ಒಂದು ಸಲದ ಆಟದಲ್ಲಿ ಎಲ್ಲವೂ ಬರುವುದಿಲ್ಲ. ಹಳೆಯ ಹಗೆಯ ಕುಲದವರು ಹಸಿದು ಬಂದು ಆಶ್ರಯ ಬೇಡುವರು. ಕುಲದ ಯುವಕನೊಬ್ಬನು ನೆರೆಯವನನ್ನು ಕೊಂದು ಬರುವನು. ವಿಚಿತ್ರವಾದ ಶಕುನವು ಕಾಣುವುದು. ಆಗ ಏನು ಮಾಡತಕ್ಕದ್ದೆಂಬುದನ್ನು ಆಡುವವನು ನಿರ್ಣಯಿಸಬೇಕು. ಅವನಿಗೆ ಸಹಾಯವಾಗಿ ಏಳು ಜನ ಹಿರಿಯರ ಸಭೆಯುಂಟು. ಆಡುವವನೇ ಕುಲದವರಲ್ಲಿ ಏಳು ಜನರನ್ನು ಆರಿಸಿ ಅವರಲ್ಲಿ ಒಬ್ಬನನ್ನು ಮುಖ್ಯಸ್ಥನನ್ನಾಗಿ ಮಾಡಬೇಕು. ಮೇಲೆ ಹೇಳಿದ ಬೆಳಕು ತರುವವರ ಸಂಖ್ಯೆಯೂ ಏಳೇ ಎಂಬುದನ್ನು ನೆನೆಯಬಹುದು. ವ್ಯಾಪಾರ, ಯುದ್ಧ, ಸಂಧಾನ, ಆಹಾರ, ನಾಯಕತ್ವ, ಪರಂಪರಾಜ್ಞಾನ, ಮಂತ್ರ ಎಂಬ ಏಳು ವಿಷಯಗಳಲ್ಲಿ ಪ್ರತಿಯೊಬ್ಬನಿಗೂ ಹೆಚ್ಚು ಕಡಿಮೆಯಾಗಿ ಕುಶಲತೆಯುಂಟು.

ಸಭಾಸದರ ಮಾತನ್ನು ಕೇಳುವುದೇ ಈ ಆಟದಲ್ಲಿ ಒಂದು ವಿದ್ಯೆ. ಅವರು ಸತ್ಯವನ್ನೇ ಹೇಳುವರೆಂದು ತಿಳಿಯತಕ್ಕದ್ದಲ್ಲ. ಕುಶಲನಲ್ಲದವನು ಧೈರ್ಯದಿಂದ ತಪ್ಪು ಹೇಳುವನು. ಯುದ್ಧದೇವನ ಭಕ್ತನಿಗೆ ಎಲ್ಲವೂ ಯುದ್ಧವಾಗಿಯೇ ತೋರುವುದು. ವಂಚಕದೇವನ ಭಕ್ತನ ಮಾತಿನಲ್ಲಿ ಸತ್ಯವಾವುದು ಅಪಹಾಸ್ಯವಾವುದು ಎಂಬುದೇ ತಿಳಿಯದು. ಆಪ್ತವಾಕ್ಯವು ಪ್ರಮಾಣವೆಂಬುದು ನ್ಯಾಯಶಾಸ್ತ್ರದ ಮಾತು. ಆಪ್ತನು ಯಾರೆಂಬುದನ್ನು ಮೊದಲು ನಿರ್ಣಯಿಸಬೇಕೆಂಬುದೂ ಅದೇ ಶಾಸ್ತ್ರದ ಮಾತು. ಇಲ್ಲಿ ಆಪ್ತತ್ವವು ವಿಷಯಭೇದದಿಂದ ಬದಲಾಗುತ್ತದೆ: ಬೆಳೆಯ ವಿಷಯದಲ್ಲಿ ನಂಬತಕ್ಕವಳನ್ನು ಸಂಧಾನದ ವಿಷಯದಲ್ಲಿ ನಂಬಲಾಗದು. ಇದಲ್ಲದೆ ಆ ಸಭಾಸದರು ಮುದುಕರಾಗುವರು, ಸಾಯುವರು. ಇಪ್ಪತ್ತು ವರ್ಷ ಸಲಹೆ ಕೊಟ್ಟವನ ಸ್ಥಾನದಲ್ಲಿ ಅನುಭವವಿಲ್ಲದ ಹುಡುಗನನ್ನು ಕೂರಿಸಬೇಕಾಗಿ ಬಂದಾಗ, ಕುಲವೆಂಬುದು ವ್ಯಕ್ತಿಗಳಿಂದ ಬೇರೆಯಾದ ಒಂದು ಪ್ರವಾಹವೆಂಬುದು ಬೋಧೆಯಾಗುತ್ತದೆ.

ಆರಂಭದಲ್ಲಿಯೇ ಆಡುವವನು ಪೂರ್ವಿಕರ ಚರಿತ್ರೆಯನ್ನು ಪ್ರಶ್ನೋತ್ತರರೂಪವಾಗಿ ನಿಶ್ಚಯಿಸತಕ್ಕದ್ದು. ಮೊದಲನೆಯ ಭಾಗವನ್ನು ಆಡಿ ಮುಗಿಸಿದವರು ಆ ಕುಲದ ಚರಿತ್ರೆಯನ್ನೇ ಎರಡನೆಯ ಭಾಗಕ್ಕೆ ತಂದು ಮುಂದುವರಿಸಲೂ ಅವಕಾಶವುಂಟು. ಹೀಗೆ ನಿಶ್ಚಿತವಾದುದು ಕೇವಲ ಅಲಂಕಾರವಲ್ಲ. ಪೂರ್ವಿಕರು ಯಾರೊಡನೆ ಹಗೆ ಸಾಧಿಸಿದರೋ ಆ ಹಗೆಯು ಕುಲಕ್ಕೆ ಪಿತ್ರಾರ್ಜಿತವಾಗಿ ಬರುವುದು. ಪೂರ್ವಿಕರ ನಡತೆಗೆ ವಿರುದ್ಧವಾಗಿ ನಡೆದರೆ ಕುಲದವರು ಗೊಣಗುವರು. ನಡೆದುದೆಲ್ಲವೂ ವಂಶಾವಳಿಯ ಧಾಟಿಯಲ್ಲಿ ಲಿಖಿತವಾಗುತ್ತ ಹೋಗುವುದರಿಂದ, ಆಟವು ಮುಗಿದಾಗ ಒಂದು ಕುಲಚರಿತ್ರೆಯೇ ಸಿದ್ಧವಾಗಿರುತ್ತದೆ.

೫. ಪುರಾಣಾನುಷ್ಠಾನ

ಈ ಆಟದ ಹೃದಯಸ್ಥಾನವು ಪುರಾಣದ ಪುನರನುಷ್ಠಾನ. ಗ್ಲೊರಾಂಥದ ಪರಿಭಾಷೆಯಲ್ಲಿ ಇದಕ್ಕೆ ‘ಹೀರೋಕ್ವೆಸ್ಟ್’ ಎಂದು ಹೆಸರು. ಕುಲದ ಶ್ರೇಷ್ಠನೊಬ್ಬನು ದೇವತೆಯ ಪಾತ್ರವನ್ನು ವಹಿಸಿ, ಆ ದೇವತೆ ಹಿಂದೆ ಮಾಡಿದ ಕಾರ್ಯವನ್ನು ಹೆಜ್ಜೆಹೆಜ್ಜೆಯಾಗಿ ಮತ್ತೆ ಮಾಡಬೇಕು. ಸಫಲವಾದರೆ ಕುಲಕ್ಕೆ ಮಹಾಫಲ. ವಿಫಲವಾದರೆ ಅನುಷ್ಠಾತೃವಿಗೆ ಗಾಯವೋ ಮರಣವೋ ಒದಗೀತು. ದೇವತೆಗಳು ಹೀಗೆ ಮಾಡಿದರು, ಆದುದರಿಂದ ಯಜಮಾನನೂ ಹೀಗೆ ಮಾಡತಕ್ಕದ್ದು ಎಂಬ ಯುಕ್ತಿಯನ್ನು ಬ್ರಾಹ್ಮಣಗ್ರಂಥಗಳಲ್ಲಿ ಪದೇಪದೇ ಕಾಣುವವರಿಗೆ ಇದು ಹೊಸದಲ್ಲ. ಆದರೆ ಮೀಮಾಂಸಕರ ಮತದಲ್ಲಿ ಅಂಥ ಕಥಾಭಾಗವು ಅರ್ಥವಾದ. ಅದಕ್ಕೆ ಸ್ವತಂತ್ರವಾದ ಪ್ರಾಮಾಣ್ಯವಿಲ್ಲ, ವಿಧಿಯನ್ನು ಸ್ತುತಿಸುವುದರಿಂದ ವಿಧಿಶೇಷವಾಗಿ ಅದು ಸಾರ್ಥಕ. ಈ ಆಟದಲ್ಲಿ ಕ್ರಮವು ತಲೆಕೆಳಗಾಗಿದೆ. ಇಲ್ಲಿ ಬೇರೆ ವಿಧಿಯಿಲ್ಲ, ಕಥೆಯೇ ವಿಧಿ. ಕಥೆಯನ್ನು ಓದಿ ನೆನಪಿಟ್ಟುಕೊಂಡವನಿಗೆ ಮಾತ್ರ ಅನುಷ್ಠಾನದಲ್ಲಿ ಅಧಿಕಾರ.

ಹಾಗಾದರೆ ಕಥೆಯನ್ನು ಕಂಠಪಾಠ ಮಾಡಿದರೆ ಸಾಕೆ? ಸಾಲದು. ಅನುಷ್ಠಾನದ ಕಾಲದಲ್ಲಿ ಎದುರಾಗುವ ಸಂದರ್ಭವು ಓದಿದ ಕಥೆಯನ್ನು ಅಕ್ಷರಶಃ ಹೋಲುವುದಿಲ್ಲ. ಎದುರಾಳಿಯು ಬೇರೆ ಮಾತನಾಡುವನು. ಕಥೆಯಲ್ಲಿಲ್ಲದ ತೊಡಕು ಬರುವುದು. ಆಗ ದೇವತೆಯು ಏನು ಮಾಡಿತೆಂಬುದಕ್ಕಿಂತ ಯಾವ ಅಭಿಪ್ರಾಯದಿಂದ ಮಾಡಿತೆಂಬುದನ್ನು ಗ್ರಹಿಸಿ, ಅದಕ್ಕೆ ಅನುಗುಣವಾದುದನ್ನು ಆರಿಸಬೇಕು. ಮೀಮಾಂಸೆಯ ಒಂಬತ್ತನೆಯ ಅಧ್ಯಾಯದಲ್ಲಿ ವಿಚಾರಿತವಾಗಿರುವ ‘ಊಹ’ವು ಇದೇ ಜಾತಿಯದು. ಪ್ರಕೃತಿಯಾಗದಲ್ಲಿ ಅಗ್ನಿಯ ಹೆಸರಿರುವ ಮಂತ್ರವನ್ನು ಸೂರ್ಯದೇವತಾಕವಾದ ವಿಕೃತಿಗೆ ತೆಗೆದುಕೊಂಡಾಗ ಅಗ್ನಿಯ ಹೆಸರಿನ ಸ್ಥಾನದಲ್ಲಿ ಸೂರ್ಯನ ಹೆಸರನ್ನು ಹಾಕುವುದು; ವ್ರೀಹಿಯೆಂದಿರುವಲ್ಲಿ, ಕರ್ಮದಲ್ಲಿ ನೀವಾರವು ಬಂದಿದ್ದರೆ, ನೀವಾರವೆನ್ನುವುದು. ಮಂತ್ರವನ್ನು ಮಾರ್ಪಡಿಸದೆ ಉಚ್ಚರಿಸುವವನು ನಿಷ್ಠಾವಂತನಂತೆ ತೋರಿದರೂ ಕರ್ಮವನ್ನು ಕೆಡಿಸುವನು. ಮನಸ್ಸಿಗೆ ಬಂದಂತೆ ಮಾರ್ಪಡಿಸುವವನೂ ಕೆಡಿಸುವನು. ಎಷ್ಟು ಬದಲಿಸಬೇಕು, ಎಷ್ಟನ್ನು ಬದಲಿಸಬಾರದು ಎಂಬ ವಿವೇಕವೇ ಊಹ. ಈ ವಿವೇಕವನ್ನು ಆಟವು ಉಪದೇಶವಾಗಿ ಹೇಳದೆ ಸೋಲಿಸಿ ಕಲಿಸುತ್ತದೆ.

೬. ದೇವತೆಯ ಅಭಾವದಲ್ಲಿ

ಎರಡನೆಯ ಭಾಗದ ವಿಶೇಷವು ಇನ್ನು ಮುಂದಿನದು. ಹಿಂದಿನ ಆಟಗಳಲ್ಲಿ ಬಡತನವೂ ಬರಗಾಲವೂ ಇದ್ದರೂ ದೇವತೆಗಳು ಇದ್ದರು. ಬಲಿಯನ್ನು ಕೊಟ್ಟರೆ ಸ್ವೀಕರಿಸುವವರಿದ್ದರು. ‘ಲೈಟ್ಸ್ ಗೋಯಿಂಗ್ ಔಟ್’ ಎಂಬುದರಲ್ಲಿ ಆ ದೇವತೆಗಳೇ ಸಾಯುತ್ತಾರೆ. ನಿನ್ನೆ ಗುಡಿ ಕಟ್ಟಿಸಿದ ದೇವತೆಯಿಂದ ಇಂದು ಉತ್ತರವಿಲ್ಲ. ಚಳಿಯು ಹೆಚ್ಚುತ್ತದೆ, ಬೆಳೆ ಕುಗ್ಗುತ್ತದೆ, ನೆರೆಯ ಕುಲಗಳು ಅಳಿದುಹೋಗುತ್ತವೆ. ರಾಜ್ಯವನ್ನು ಕಟ್ಟುವುದು ಇಲ್ಲಿ ಗುರಿಯಲ್ಲ, ಉಳಿಯುವುದೇ ಗುರಿ.

ಯಜ್ಞದ್ರವ್ಯವು ದೊರೆಯದಿದ್ದಾಗ ಏನು ಮಾಡತಕ್ಕದ್ದೆಂಬುದನ್ನು ಜೈಮಿನಿಯು ಆರನೆಯ ಅಧ್ಯಾಯದಲ್ಲಿ ವಿಚಾರಮಾಡಿರುವನು. ವ್ರೀಹಿಯು ಸಿಕ್ಕದಿದ್ದರೆ ಅದಕ್ಕೆ ಸದೃಶವಾದ ನೀವಾರವನ್ನು ಪ್ರತಿನಿಧಿಯಾಗಿ ಗ್ರಹಿಸಬಹುದು. ಸೋಮವು ಸಿಕ್ಕದಿದ್ದರೆ ಪೂತೀಕಕ್ಕೆ ಶಾಸ್ತ್ರವೇ ಅನುಮತಿ ಕೊಟ್ಟಿದೆ. ಆದರೆ ದೇವತೆ, ಅಗ್ನಿ, ಮಂತ್ರ, ಕ್ರಿಯೆ ಇವುಗಳಿಗೆ ಪ್ರತಿನಿಧಿಯಿಲ್ಲವೆಂದು ಅಲ್ಲಿಯೇ ಸಿದ್ಧಾಂತ. ಒಂದು ದೇವತೆಗೆ ಸಂಕಲ್ಪಿಸಿದ ಹವಿಸ್ಸನ್ನು ಮತ್ತೊಂದಕ್ಕೆ ಕೊಟ್ಟರೆ ಅದು ಆ ಕರ್ಮವೇ ಅಲ್ಲ. ದೇವತೆಯು ಇಲ್ಲದೆಹೋದರೆ ಏನು ಗತಿಯೆಂಬ ಪ್ರಶ್ನೆಯು ಮೀಮಾಂಸಕನಿಗೆ ಬಾಧಕವಲ್ಲ. ಏಕೆಂದರೆ ಶಬರಸ್ವಾಮಿಯ ಮತದಲ್ಲಿ ದೇವತೆಗೆ ವಿಗ್ರಹವಿಲ್ಲ, ಅದು ಉಣ್ಣುವುದೂ ಇಲ್ಲ, ಪ್ರಸನ್ನವಾಗಿ ಫಲವನ್ನು ಕೊಡುವುದೂ ಇಲ್ಲ. ಶರೀರವಿಲ್ಲದ್ದಕ್ಕೆ ಮರಣವೆಲ್ಲಿಯದು? ಗ್ಲೊರಾಂಥದಲ್ಲಿ ದೇವತೆಗಳಿಗೆ ಶರೀರವುಂಟು, ಭೋಜನವುಂಟು, ರಾಗದ್ವೇಷಗಳುಂಟು. ಆದುದರಿಂದ ಮರಣವೂ ಉಂಟು. ಮೀಮಾಂಸಕನು ಯಾವ ಅಪಾಯವನ್ನು ತಪ್ಪಿಸಲು ದೇವತೆಯ ವಿಗ್ರಹವನ್ನು ನಿರಾಕರಿಸಿದನೆಂದು ಹೇಳಬಹುದೋ, ಆ ಅಪಾಯದ ನಡುವೆಯೇ ಈ ಕುಲವು ನಿಂತಿದೆ. ಸತ್ತ ದೇವತೆಯ ಗುಡಿಯನ್ನು ಉಳಿಸಿಕೊಳ್ಳಬೇಕೆ, ಅದರ ಖರ್ಚನ್ನು ಬದುಕಿರುವ ದೇವತೆಗೆ ತಿರುಗಿಸಬೇಕೆ ಎಂಬುದು ಇಲ್ಲಿ ವಾದಕ್ಕಾಗಿ ಹುಟ್ಟಿದ ಪ್ರಶ್ನೆಯಲ್ಲ, ಹೊಟ್ಟೆಯ ಪ್ರಶ್ನೆ.

ಇನ್ನು ಆಪದ್ಧರ್ಮ. ಮಹಾಭಾರತದ ಶಾಂತಿಪರ್ವದಲ್ಲಿ, ತ್ರೇತಾದ್ವಾಪರಗಳ ಸಂಧಿಯಲ್ಲಿ ಹನ್ನೆರಡು ವರ್ಷಗಳ ಅನಾವೃಷ್ಟಿಯುಂಟಾದಾಗ ವಿಶ್ವಾಮಿತ್ರನು ಚಂಡಾಲನ ಮನೆಯಲ್ಲಿ ನಾಯಿಯ ಮಾಂಸವನ್ನು ಕದಿಯಲು ಹೋದ ಕಥೆಯಿದೆ. ಜೀವವಿದ್ದರೆ ಧರ್ಮವನ್ನು ಆಚರಿಸಬಹುದೆಂಬುದು ಅಲ್ಲಿ ಋಷಿಯ ವಾದ. ಧರ್ಮವನ್ನು ಬಿಡಬೇಡವೆಂದು ತಡೆಯುವವನು ಚಂಡಾಲ. ಈ ಆಟದ ಪ್ರಸಂಗಗಳು ಇಂಥ ಎರಡು ಬಾಯಿಯ ಕತ್ತಿಗಳು. ಆಶ್ರಯ ಬೇಡಿ ಬಂದವರನ್ನು ಒಳಗೆ ಸೇರಿಸಿದರೆ ಕಣಜವು ಬೇಗ ಬರಿದಾಗುವುದು. ಅಟ್ಟಿಬಿಟ್ಟರೆ ಶತ್ರುಗಳು ಬಂದಾಗ ಆಯುಧ ಹಿಡಿಯಲು ಕೈಗಳು ಸಾಲವು, ಅತಿಥಿಧರ್ಮವನ್ನು ಮುರಿದ ಕುಲವೆಂಬ ಅಪಕೀರ್ತಿಯೂ ಉಳಿಯುವುದು. ಕ್ರೂರನಾದವನು ಬದುಕುವನೆಂದಾಗಲಿ ದಯಾಳುವು ಗೆಲ್ಲುವನೆಂದಾಗಲಿ ಈ ಆಟವು ಸಿದ್ಧಾಂತಮಾಡುವುದಿಲ್ಲ. ಯಾವ ಆಪತ್ತಿಗೆ ಯಾವ ಧರ್ಮವನ್ನು ಎಷ್ಟರಮಟ್ಟಿಗೆ ಸಡಿಲಿಸಿದರೆ, ಆಪತ್ತು ಕಳೆದ ಮೇಲೆ ಆ ಕುಲವು ತಾನೇ ಆಗಿ ಉಳಿದಿರುತ್ತದೆ ಎಂಬುದೇ ಅದರ ಪ್ರಶ್ನೆ. ಸಡಿಲಿಸದವನು ನಾಶವಾಗುವನು, ಎಲ್ಲವನ್ನೂ ಸಡಿಲಿಸಿದವನು ಬದುಕಿದರೂ, ಬದುಕಿದವನು ಯಾರೆಂದು ಹೇಳಲು ಬಾರದು.

೭. ಆಕ್ಷೇಪಸಮಾಧಾನಗಳು

ಇಲ್ಲಿ ಪೂರ್ವಪಕ್ಷವೊಂದು ಏಳುತ್ತದೆ. ಉತ್ತರಗಳನ್ನೆಲ್ಲ ಗ್ರಂಥಕರ್ತನು ಮೊದಲೇ ಬರೆದಿಟ್ಟಿರುವನು, ಆಡುವವನು ನಾಲ್ಕಾರರಲ್ಲಿ ಒಂದನ್ನು ಮುಟ್ಟುವನಷ್ಟೆ, ಇದರಲ್ಲಿ ಕರ್ತೃತ್ವವೆಲ್ಲಿಯದು? ಇದಕ್ಕೆ ಸಮಾಧಾನವೇನೆಂದರೆ: ಲೋಕದಲ್ಲಿಯೂ ಒದಗುವ ಸಂದರ್ಭಗಳನ್ನು ಕರ್ತನು ತಾನೇ ನಿರ್ಮಿಸಿಕೊಳ್ಳುವುದಿಲ್ಲ, ಒದಗಿದ ಮಾರ್ಗಗಳಲ್ಲಿ ಒಂದನ್ನು ಹಿಡಿಯುವುದರಲ್ಲಿಯೇ ಅವನ ಸ್ವಾತಂತ್ರ್ಯವಿರುವುದು. ಮೇಲಾಗಿ ಇಲ್ಲಿ ಫಲವು ಆಯ್ಕೆಯೊಂದರಿಂದಲೇ ನಿಶ್ಚಿತವಾಗುವುದಿಲ್ಲ. ಕಳುಹಿಸಿದವನ ಕುಶಲತೆ, ಹಿಂದೆ ಗಳಿಸಿದ ಸ್ನೇಹ ಹಗೆಗಳು, ದೈವ ಇವೆಲ್ಲವೂ ಸೇರಿ ಫಲವನ್ನು ಕೊಡುವುವು. ಸರಿಯಾದುದನ್ನೇ ಆರಿಸಿದವನಿಗೂ ಸೋಲು ಬರಬಹುದು. ಇದನ್ನು ದೋಷವೆನ್ನುವವರುಂಟು, ಆದರೆ ಸರಿಯಾದ ಉತ್ತರಕ್ಕೆ ಯಾವಾಗಲೂ ಗೆಲುವೇ ಫಲವಾಗಿದ್ದರೆ ಅದು ಒಗಟು ಬಿಡಿಸುವುದಾಗುತ್ತಿತ್ತೇ ಹೊರತು ಕುಲಪಾಲನೆಯಾಗುತ್ತಿರಲಿಲ್ಲ.

ಎರಡನೆಯ ಆಕ್ಷೇಪವು ಇದಕ್ಕಿಂತ ಬಲವಾದುದು. ಅಂಧಕಾರವು ಬರುವುದು ನಿಶ್ಚಿತ, ದೇವತೆಗಳು ಸಾಯುವುದು ನಿಶ್ಚಿತ. ಕೊನೆಗೆ ಸೂರ್ಯನನ್ನು ತರುವವರು ಓರ್ಲಾಂತ್ ಮೊದಲಾದವರೇ ಹೊರತು ಈ ಸಣ್ಣ ಕುಲವಲ್ಲ. ಹೀಗಿರಲು ಕುಲದ ಪ್ರಯತ್ನವು ವ್ಯರ್ಥವಲ್ಲವೆ? ಈ ಆಕ್ಷೇಪಕ್ಕೆ ಮೌಸಲಪರ್ವದ ಕಥೆಯು ಉತ್ತರವನ್ನು ಸೂಚಿಸುತ್ತದೆ. ಯಾದವರು ಪರಸ್ಪರ ಹೊಡೆದಾಡಿ ಅಳಿದ ಮೇಲೆ ಅರ್ಜುನನು ಉಳಿದ ಸ್ತ್ರೀಬಾಲವೃದ್ಧರನ್ನು ಕರೆದುಕೊಂಡು ದ್ವಾರಕೆಯನ್ನು ಬಿಟ್ಟನು. ಬೆನ್ನ ಹಿಂದೆ ಸಮುದ್ರವು ನಗರವನ್ನು ಮುಳುಗಿಸಿತು. ದಾರಿಯಲ್ಲಿ ಆಭೀರರು ಮೇಲೆಬಿದ್ದಾಗ ಗಾಂಡೀವವನ್ನು ಹೆದೆಯೇರಿಸುವುದೇ ಕಷ್ಟವಾಯಿತು. ದಿವ್ಯಾಸ್ತ್ರಗಳು ನೆನಪಿಗೆ ಬರಲಿಲ್ಲ. ಅಕ್ಷಯವಾಗಿದ್ದ ಬಾಣಗಳು ಮುಗಿದುಹೋದುವು. ಖಾಂಡವವನ್ನು ದಹಿಸಿದವನ ಕಣ್ಣೆದುರಿಗೇ ಅನೇಕ ಸ್ತ್ರೀಯರು ಅಪಹೃತರಾದರು. ಆದರೂ ಅವನು ಅಲ್ಲಿ ಕುಳಿತುಬಿಡಲಿಲ್ಲ. ಉಳಿದವರನ್ನು ಕರೆತಂದು ಕೃತವರ್ಮನ ಮಗನನ್ನು ಮಾರ್ತಿಕಾವತದಲ್ಲಿಯೂ, ಸಾತ್ಯಕಿಯ ಮಗನನ್ನು ಸರಸ್ವತೀತೀರದಲ್ಲಿಯೂ, ವಜ್ರನನ್ನು ಇಂದ್ರಪ್ರಸ್ಥದಲ್ಲಿಯೂ ನೆಲೆಗೊಳಿಸಿದನು. ಯುಗಾಂತವನ್ನು ತಡೆಯುವುದು ಅವನ ಕೈಯಲ್ಲಿರಲಿಲ್ಲ. ಉಳಿದವರನ್ನು ನೆಲೆಗೊಳಿಸುವುದು ಅವನ ಕೈಯಲ್ಲಿತ್ತು. ‘ಲೈಟ್ಸ್ ಗೋಯಿಂಗ್ ಔಟ್’ ಆಡುವವನಿಗೆ ಇರುವ ಅಧಿಕಾರವೂ ಇಷ್ಟೇ, ಅವನ ಕರ್ತವ್ಯವೂ ಇಷ್ಟೇ.

ಗ್ಲೊರಾಂಥದ ಪುರಾಣವೇ ಇದಕ್ಕೆ ಒಂದು ಪ್ರತಿಮೆಯನ್ನು ಕೊಟ್ಟಿದೆ. ಓರ್ಲಾಂತನು ಸೂರ್ಯನನ್ನು ತರಲು ಪಾತಾಳಕ್ಕೆ ಹೋದಾಗ ಮನೆಯನ್ನು ಕಾಯಲು ಎಲ್ಮಾಲ್ ಎಂಬ ನಿಷ್ಠಾವಂತ ದೇವನನ್ನು ಬಿಟ್ಟುಹೋದನು. ಇವನು ಸೂರ್ಯಕುಲದವನಾಗಿದ್ದು ಬಿರುಗಾಳಿಯವರ ಮನೆಯನ್ನು ಕಾದವನು. ಒಡೆಯನು ಹಿಂತಿರುಗುವನೋ ಇಲ್ಲವೋ ಅವನಿಗೆ ತಿಳಿಯದು. ಶತ್ರುಗಳು ಒಬ್ಬರಾದ ಮೇಲೊಬ್ಬರು ಬಂದರು. ಗಾಯಗೊಂಡರೂ ಅವನು ಬಾಗಿಲನ್ನು ಬಿಡಲಿಲ್ಲ. ಪುರಾಣದಲ್ಲಿ ಯಾತ್ರೆಗೆ ಹೋದವನ ಕೀರ್ತಿ ದೊಡ್ಡದು. ಆದರೆ ಮನೆಯಲ್ಲಿ ಯಾರೂ ಉಳಿದಿರದಿದ್ದರೆ, ತಂದ ಬೆಳಕಿನಿಂದ ಯಾರಿಗೆ ಪ್ರಯೋಜನವಾಗುತ್ತಿತ್ತು? ೧೯೯೯ರ ಆಟದಲ್ಲಿ ಈ ಕಥೆಯು ಅನುಷ್ಠಾನಮಾಡತಕ್ಕ ಪುರಾಣಗಳಲ್ಲಿ ಒಂದು. ೨೦೨೩ರ ಆಟದಲ್ಲಿ ಕುಲದ ಬದುಕೇ ಆ ಕಥೆಯಾಗಿ ಪರಿಣಮಿಸಿದೆ. ಪ್ರಭಾತವು ಬರುವುದೆಂದು ಗ್ಲೊರಾಂಥದ ಗ್ರಂಥಗಳನ್ನು ಬಲ್ಲ ಆಟಗಾರನಿಗೆ ಗೊತ್ತು. ಕಣಜದ ತಳವನ್ನು ಕೆರೆಯುತ್ತಿರುವ ಕುಲದವರಿಗೆ ಗೊತ್ತಿಲ್ಲ. ಗೊತ್ತಿರುವವನು ಗೊತ್ತಿಲ್ಲದವರ ಪರವಾಗಿ ನಿರ್ಣಯಿಸಬೇಕಾಗಿರುವುದರಲ್ಲಿಯೇ ಈ ಕ್ರೀಡೆಯ ಕರುಣರಸವಿದೆ.

೮. ಉಪಸಂಹಾರ

ಒಟ್ಟಿನಲ್ಲಿ ಹೇಳುವುದಾದರೆ, ಈ ಮಾಲಿಕೆಯು ಮೂರು ಕಾರಣಗಳಿಂದ ವಿಚಾರಾರ್ಹವಾಗಿದೆ. ಪುರಾಣವನ್ನು ಅಲಂಕಾರವಾಗಿ ಮಾತ್ರ ಬಳಸದೆ ಕರ್ತವ್ಯನಿರ್ಣಯಕ್ಕೆ ಪ್ರಮಾಣವಾಗಿ ಬಳಸಿರುವುದು ಒಂದು. ಸ್ಮೃತಿಯೊಡನೆ ಊಹವೂ ಬೇಕೆಂಬುದನ್ನು ಪ್ರಯೋಗದಿಂದ ತೋರಿಸಿರುವುದು ಎರಡು. ನಾಶಕಾಲದಲ್ಲಿಯೂ ಪುರುಷಕಾರಕ್ಕೆ ಎಡೆಯುಂಟೆಂಬುದನ್ನೂ, ಆ ಎಡೆಯು ಎಷ್ಟು ಇಕ್ಕಟ್ಟಾದುದೆಂಬುದನ್ನೂ ಮರೆಮಾಚದೆ ಹೇಳಿರುವುದು ಮೂರು. ಇವುಗಳೊಡನೆ ಇನ್ನೊಂದನ್ನೂ ಹೇಳತಕ್ಕದ್ದಿದೆ. ಇಲ್ಲಿ ಕಣ್ಣಿನ ಚುರುಕಿಗಿಂತ ವಾಕ್ಯವೇ ಪ್ರಧಾನವಾಗಿರುವುದರಿಂದ, ಅಕ್ಷರಗಳನ್ನು ಗಟ್ಟಿಯಾಗಿ ಓದಿಹೇಳುವ ಯಂತ್ರಸಾಧನದ ಮೂಲಕ ಆಡಲು ಅನುಕೂಲವಾಗುವಂತೆ ‘ರೈಡ್ ಲೈಕ್ ದಿ ವಿಂಡ್’ ರಚಿತವಾಗಿದ್ದು, ಕಣ್ಣಿಲ್ಲದವರೂ ಅದನ್ನು ಆಡಬಲ್ಲವರಾಗಿದ್ದಾರೆ. ಪುರಾಣವನ್ನು ಕೇಳಿ, ಮನಸ್ಸಿನಲ್ಲಿ ಧರಿಸಿ, ಸಮಯ ಬಂದಾಗ ಅದರಂತೆ ನಡೆಯುವುದೇ ಈ ಆಟದ ಸಾರ. ಶ್ರವಣಮಾತ್ರದಿಂದಲೂ ಅದು ಸಾಧ್ಯವಾಗಿರುವುದು ಆ ಸಾರಕ್ಕೆ ಅನುರೂಪವಾಗಿಯೇ ಇದೆ.